ಓದುಗರ ಪ್ರಶ್ನೆ: ಅಪ್ಪನ ರ‍್ಯಾಲಿ ಸೈಕಲ್ ಮತ್ತು ನನ್ನ ಒಳಪೆಡಲು

ಪ್ರಶ್ನೆ: ಮೇಡಂ, ನಿಮ್ಮ ಕಾಲದಲ್ಲಿ ಹುಡುಗಿಯರು ಸೈಕಲ್ ಕಲಿಯುತ್ತಿದ್ದರೇ? ನಿಮ್ಮ ಮೊದಲ ಸೈಕಲ್ ಯಾವುದು? ಈಗ ಎಲ್ಲರ ಮನೆಯ ಮುಂದೆಯೂ ಸ್ಕೂಟರ್ ನಿಂತಿದೆ. ಸೈಕಲ್ಲಿನ ಕಾಲ ಮುಗಿಯಿತು ಎನ್ನಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನನ್ನದು ಎನ್ನುವ ಸೈಕಲ್ ಬಾಲ್ಯದಲ್ಲಿ ನನಗಿರಲಿಲ್ಲ. ಇದ್ದದ್ದು ಅಪ್ಪನ ಕಪ್ಪು ರ‍್ಯಾಲಿ. ತಿಪಟೂರಿನ ನಮ್ಮ ಮನೆಯಿಂದ ಎಂಟು ಕಿಲೋಮೀಟರ್ ಆಚೆಯ ಹಳ್ಳಿ ಶಾಲೆಗೆ ಅವರು ಅದರಲ್ಲೇ ಹೋಗಿ ಪಾಠ ಮಾಡಿ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಹಳೆಯ ಪಂಚೆಯ ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನ್ ಒರೆಸುತ್ತಿದ್ದರು. ಕಡ್ಡಿಗಳನ್ನು ಒಂದೊಂದಾಗಿ ಉಜ್ಜುವ ಕೆಲಸ ನನ್ನದು. ವರ್ಷಕ್ಕೊಮ್ಮೆ ಪುರಸಭೆಗೆ ತೆರಿಗೆ ಕಟ್ಟಿದರೆ ಒಂದು ಬಿಲ್ಲೆ ಕೊಡುತ್ತಿದ್ದರು, ಅದನ್ನು ಸೈಕಲ್ಲಿಗೆ ಬಿಗಿಯಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟರೆ ಪೊಲೀಸರು ಹಿಡಿಯುತ್ತಿದ್ದರು, ಹಾಗಾಗಿ ಹಿಂದಿನ ಚಕ್ರಕ್ಕೆ ಡೈನಮೊ.

1973ರ ಬೇಸಿಗೆ ರಜೆ. ನನಗೆ 11 ವರ್ಷ. ಅಣ್ಣ ಸೈಕಲ್ ಶಾಪಿನಿಂದ ಗಂಟೆ ಲೆಕ್ಕದ ಬಾಡಿಗೆಗೆ ಚಿಕ್ಕ ಸೈಕಲ್ ತಂದು ಕಲಿತಿದ್ದ. ಹುಡುಗಿಯಾದ ನನಗೆ ಆ ಬಾಡಿಗೆಯ ದುಡ್ಡು ಕೇಳುವ ಧೈರ್ಯವಿರಲಿಲ್ಲ. ಅಪ್ಪ ಊಟ ಮಾಡಿ ಮಲಗಿದ ಹೊತ್ತು ನೋಡಿ ದೊಡ್ಡ ಸೈಕಲ್ಲನ್ನೇ ತಳ್ಳಿಕೊಂಡು ತೆಂಗಿನ ತೋಟದ ದಾರಿಗೆ ಹೋಗುತ್ತಿದ್ದೆ. ಸೀಟು ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅದಕ್ಕೆ ಇದ್ದ ಉಪಾಯವೇ ಒಳಪೆಡಲು: ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಅಪ್ಪಿಕೊಂಡ ಸೀಟು, ಬಾರಿನ ಕೆಳಗಿನ ತ್ರಿಕೋನದಲ್ಲಿ ತೂರಿಸಿದ ಬಲಗಾಲು, ಒಂದು ಪಕ್ಕಕ್ಕೆ ವಾಲಿದ ಮೈ. ಮೊದಲ ಕೆಲವು ದಿನ ಪೆಡಲನ್ನು ಪೂರ್ತಿ ಸುತ್ತಿಸಲು ಆಗದೆ ಅರ್ಧರ್ಧವೇ ತುಳಿಯುತ್ತಿದ್ದೆ. ಪೂರ್ತಿ ಸುತ್ತು ತಿರುಗಿದ ದಿನವೇ ಲಂಗದ ಅಂಚು ಚೈನಿಗೆ ಸಿಕ್ಕಿ ಬಿದ್ದೆ. ಹರಿದ ಲಂಗ ನೋಡಿ ಅಮ್ಮ ಬೈದರು. ಅಪ್ಪ ಏನೂ ಹೇಳಲಿಲ್ಲ. ಸಂಬಳ ಬಂದ ದಿನ ಚೈನನ್ನು ಪೂರ್ತಿ ಮುಚ್ಚುವ ಕವರ್ ಹಾಕಿಸಿಕೊಂಡು ಬಂದು, ‘ಇನ್ನು ಸಿಕ್ಕಿಕೊಳ್ಳುವುದಿಲ್ಲ, ಹೋಗು’ ಎಂದರು.

ನಮ್ಮ ಬೀದಿಯಲ್ಲಿ ಸೈಕಲ್ ತುಳಿಯುತ್ತಿದ್ದ ಹುಡುಗಿ ನಾನೊಬ್ಬಳೇ. ಅಪ್ಪನ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಎಷ್ಟೋ ಹುಡುಗಿಯರು ಏಳನೆಯ ತರಗತಿಗೇ ನಿಂತುಹೋದರು. ಹೈಸ್ಕೂಲು ದೂರ ಎಂಬುದೊಂದೇ ಕಾರಣ.

ಆದ್ದರಿಂದಲೇ 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ನನಗಾದ ಸಂತೋಷವನ್ನು ಹೇಳಿ ಮುಗಿಸಲಾರೆ. ಆಗ ನಾನು ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಶಿಕ್ಷಕಿ. ನನ್ನ ತರಗತಿಯ ಒಬ್ಬಳು ಆರು ಕಿಲೋಮೀಟರ್ ದೂರದಿಂದ ಬರಬೇಕಿತ್ತು. ಅವಳೂರಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ತಪ್ಪಿದರೆ ಅಂದು ಗೈರುಹಾಜರಿ. ಸೈಕಲ್ ಬಂದ ಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಖಾಲಿ ಮನೆ ಕಾಣುವುದೇ ಅಪರೂಪವಾಯಿತು. ಆ ಸೈಕಲ್ಲುಗಳಲ್ಲಿ ಅವಳಪ್ಪನಂಥವರು ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನ್ ಒಯ್ಯುತ್ತಾರೆಂದು ಆಕ್ಷೇಪಿಸಿದವರಿದ್ದರು. ಒಯ್ಯಲಿ! ಹತ್ತು ಗಂಟೆಗೆ ಅವು ಶಾಲೆಯ ಹೊಂಗೆ ಮರದಡಿ ಸಾಲಾಗಿ ನಿಂತಿರುತ್ತಿದ್ದವು. ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಸೈಕಲ್ ವಿತರಣೆಯೂ ನಿಂತಿತು. ಶಾಲೆಗಳು ತೆರೆದವು, ಸೈಕಲ್ ಬರಲಿಲ್ಲ. 2022ರಲ್ಲಿ ನಾನು ನಿವೃತ್ತಳಾಗುವಾಗಲೂ ಎಂಟನೆಯ ತರಗತಿಯವರು ‘ನಮಗೆ ಯಾವಾಗ ಮಿಸ್?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಈಗಲೂ ನನ್ನನ್ನು ಬಾಧಿಸುತ್ತದೆ.

ಕಾಲ ಮುಗಿಯಿತೇ ಎಂದು ಕೇಳಿದಿರಿ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ ಸುದ್ದಿ ಓದಿದಾಗ ನನಗೂ ಹಾಗೆಯೇ ಅನ್ನಿಸಿತ್ತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಅರ್ಧದಷ್ಟು ಮನೆಗಳಲ್ಲಿ ಸೈಕಲ್ ಇದೆ. 2015ರಿಂದ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡುತ್ತಿರುವ ಪಶ್ಚಿಮ ಬಂಗಾಳದಲ್ಲಂತೂ ಆ ಪ್ರಮಾಣ ನೂರಕ್ಕೆ ಸುಮಾರು 79. ನಿಮ್ಮೂರಿನಲ್ಲೂ ಬೆಳಿಗ್ಗೆ ಐದೂವರೆಗೆ ಎದ್ದು ನೋಡಿ: ಪೇಪರ್ ಹಾಕುವ ಹುಡುಗ, ಸೊಪ್ಪು ಮಾರುವವರು, ಗಾರೆ ಕೆಲಸಕ್ಕೆ ಹೊರಟವರು. ಸೈಕಲ್ ಅವರ ಬಳಿ ಇದೆ. ರಸ್ತೆ ಅಗಲ ಮಾಡುವಾಗ ಅವರಿಗೊಂದು ಪಟ್ಟಿ ಬಿಡದಿರುವುದು ಅನ್ಯಾಯ.

ಪ್ರಶ್ನೆ: ನನಗೆ 46 ವರ್ಷ. ಬಾಲ್ಯದಲ್ಲಿ ಸೈಕಲ್ ಕಲಿಯಲು ಮನೆಯವರು ಬಿಡಲಿಲ್ಲ. ಈಗ ಕಲಿಯಬಹುದೇ?
– ಗೃಹಿಣಿ, ಹಾಸನ

ಉತ್ತರ: ಖಂಡಿತ ಕಲಿಯಬಹುದು, ತಂಗಿ. ಬಾರಿಲ್ಲದ ಲೇಡೀಸ್ ಸೈಕಲ್ ತೆಗೆದುಕೊಂಡು, ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿ. ಶಾಪಿನವರಿಂದ ಎರಡೂ ಪೆಡಲ್ ಬಿಚ್ಚಿಸಿ. ಮೈದಾನದಲ್ಲಿ ಸೀಟಿನ ಮೇಲೆ ಕುಳಿತು ಕಾಲಿನಿಂದ ನೆಲ ಒದ್ದುಕೊಂಡು ಮುಂದೆ ಹೋಗಿ, ಬ್ರೇಕ್ ಹಿಡಿಯುವುದನ್ನೂ ಅಲ್ಲೇ ರೂಢಿಸಿಕೊಳ್ಳಿ. ಕಾಲೆತ್ತಿಕೊಂಡು ಹತ್ತು ಮಾರು ಉರುಳುವಷ್ಟು ಸಮತೋಲ ಬಂದ ಮೇಲೆ ಪೆಡಲ್ ಹಾಕಿಸಿ. ಸೀರೆಯಾದರೆ ಚೈನ್ ಕವರ್ ಜೊತೆಗೆ ಹಿಂದಿನ ಚಕ್ರಕ್ಕೆ ಜಾಲರಿಯೂ ಇರಲಿ. ಕಲಿತ ದಿನ ನನಗೊಂದು ಕಾಗದ ಬರೆಯಿರಿ.