ಸರ್ವರ್ ಸವಾಲು: ಎನ್‌ಕ್ರಿಪ್ಟ್ ಆದರೆ ಸಾಕೇ?

ಪ್ರಶ್ನೆ: ನಾನು ನೋಡಿಕೊಳ್ಳುವುದು 40 ಲಿನಕ್ಸ್ ಸರ್ವರ್‌ಗಳನ್ನು. ಸೆಟ್ಟಿಂಗ್ ಬದಲಿಸಬೇಕಾದಾಗ ನನ್ನ ಲ್ಯಾಪ್‌ಟಾಪ್‌ನಿಂದಲೇ ಒಂದು ಸ್ಕ್ರಿಪ್ಟ್ ಓಡಿಸುತ್ತೇನೆ. ಅದು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಭದ್ರವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಒಂದೊಂದೇ ಸರ್ವರ್‌ಗೆ ಹೋಗಿ ಫೈಲ್ ಬದಲಿಸಿ ಬರುತ್ತದೆ. ನಡುವೆ ನಿಂತು 'ಮುಂದುವರಿಯಲೇ?' ಎಂದು ಕೇಳಬಾರದು ಅಂತ ಹೋಸ್ಟ್ ಕೀ (ಸರ್ವರ್‌ನ ಗುರುತು ಹೇಳುವ ಕೀ) ಪರಿಶೀಲನೆ ಆಫ್ ಮಾಡಿದ್ದೇನೆ. ಗೊತ್ತಿರುವ ಸರ್ವರ್‌ಗಳ ಕೀ ನೆನಪಿಡುವ ನೋನ್ ಹೋಸ್ಟ್ಸ್ ಫೈಲನ್ನೂ ಡೆವ್ ನಲ್‌ಗೆ (ಬರೆದದ್ದೆಲ್ಲ ಮಾಯವಾಗುವ ಜಾಗಕ್ಕೆ) ತಿರುಗಿಸಿದ್ದೇನೆ. ಹೇಗಿದ್ದರೂ ಎಲ್ಲ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ದಯವಿಟ್ಟು ಮೊದಲು ಆ ಪರಿಶೀಲನೆ ಆನ್ ಮಾಡಿ, ಉಳಿದದ್ದನ್ನು ಆಮೇಲೆ ಓದಿ.

ಎನ್‌ಕ್ರಿಪ್ಟ್ ಆಗಿದೆ ಎಂದರೆ ದಾರಿಯಲ್ಲಿ ಕೂತವರು ಓದಲಾರರು, ಅಷ್ಟೇ. ಆದರೆ ಆ ಕಡೆ ಇರುವುದು ನಿಮ್ಮ ಸರ್ವರೇ ಎಂದು ಹೇಗೆ ಗೊತ್ತು? ಯಾರೋ ಡಿಎನ್‌ಎಸ್ (ಸರ್ವರ್ ಹೆಸರು ಕೊಟ್ಟರೆ ಅದರ ವಿಳಾಸ ಹೇಳುವ ವ್ಯವಸ್ಥೆ) ಉತ್ತರವನ್ನು ತಿರುಚಿ ನಿಮ್ಮ ಸಂಪರ್ಕವನ್ನು ತಮ್ಮ ಯಂತ್ರಕ್ಕೆ ಎಳೆದುಕೊಂಡರೆ, ನಿಮ್ಮ ಸ್ಕ್ರಿಪ್ಟ್ ಬಹಳ ಭದ್ರವಾಗಿ, ಎನ್‌ಕ್ರಿಪ್ಟ್ ಮಾಡಿ, ಎಲ್ಲವನ್ನೂ ಅವರ ಕೈಗೇ ಕೊಡುತ್ತದೆ. ಪಾಸ್‌ವರ್ಡ್ ಲಾಗಿನ್ ಇದ್ದರೆ ಪಾಸ್‌ವರ್ಡ್ ಹೋಯಿತು. ಕೀ ಲಾಗಿನ್ ಇದ್ದರೆ ಗುಟ್ಟಾಗಿಡುವ ಪ್ರೈವೇಟ್ ಕೀ ನಿಮ್ಮಲ್ಲೇ ಉಳಿಯುತ್ತದೆ, ನಿಜ. ಆದರೆ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಮತ್ತು ಅದರೊಳಗಿನ ಡೇಟಾಬೇಸ್ ಪಾಸ್‌ವರ್ಡ್ ಅವರಿಗೆ ಸಿಕ್ಕಿತು. ಏಜೆಂಟ್ ಫಾರ್ವರ್ಡಿಂಗ್ (ಆ ಕಡೆಯ ಯಂತ್ರದಿಂದಲೂ ನಿಮ್ಮ ಕೀ ಬಳಸಲು ಬಿಡುವ ಸೌಲಭ್ಯ) ಕೂಡ ಆನ್ ಇದ್ದರೆ, ಸಂಪರ್ಕ ಇರುವಷ್ಟು ಹೊತ್ತು ಅವರು ನಿಮ್ಮ ಕೀಯನ್ನು ಬಳಸಿಕೊಂಡು ಅಸಲಿ ಸರ್ವರ್‌ಗಳಿಗೇ ಹೊಕ್ಕಬಹುದು.

ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದಿಯುತ್ತಿದ್ದದ್ದು ಬಯಲಾದ ಮೇಲೆ, ಅಲ್ಲಿನ ತತು ಯುಲೋನೆನ್ ಇದನ್ನು ಬರೆದರು. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬರೀ ಅಕ್ಷರಗಳಾಗಿಯೇ ಹರಿಯುತ್ತಿತ್ತು. ಎಸ್‌ಎಸ್‌ಎಚ್ ಮಾಡುವುದು ಎರಡು ಕೆಲಸ: ಮಾತನ್ನು ಮುಚ್ಚಿಡುವುದು, ಎದುರಿಗಿರುವವರನ್ನು ಗುರುತಿಸುವುದು. ನೀವು ಎರಡನೆಯದನ್ನು ಕೈಬಿಟ್ಟಿದ್ದೀರಿ.

ಸರಿಪಡಿಸುವುದು ಕಷ್ಟವೇನಲ್ಲ. ಪ್ರತಿ ಸರ್ವರ್‌ನ ಕನ್ಸೋಲ್‌ಗೆ (ಎಸ್‌ಎಸ್‌ಎಚ್ ಇಲ್ಲದೆ ನೇರವಾಗಿ ಸರ್ವರ್ ಪರದೆ ತಲುಪುವ ದಾರಿ) ಹೋಗಿ, ಎಸ್‌ಎಸ್‌ಎಚ್-ಕೀಜೆನ್ ಬಳಸಿ ಹೋಸ್ಟ್ ಕೀಯ ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಚಿಕ್ಕ ಸಂಕೇತ) ತೆಗೆಯಿರಿ. ನಾನು ಅವನ್ನು ಸರ್ವರ್ ಹೆಸರಿನ ಪಕ್ಕ ಬರೆದು ಗಿಟ್‌ನಲ್ಲೇ (ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಫ್ಟ್‌ವೇರ್) ಇಡುತ್ತೇನೆ. ಹೊಸ ಸರ್ವರ್ ಎದ್ದ ಕೂಡಲೇ ಮಾಡುವ ಮೊದಲ ಕೆಲಸವೇ ಇದು. ಒಂದು ಎಚ್ಚರಿಕೆ: ಎಸ್‌ಎಸ್‌ಎಚ್-ಕೀಸ್ಕ್ಯಾನ್ ಓಡಿಸಿ ಬಂದದ್ದನ್ನು ಸುಮ್ನೆ ಫೈಲ್‌ಗೆ ತುಂಬಿದರೆ ಪರಿಶೀಲನೆ ಆಗಲಿಲ್ಲ. ಅದು ನೆಟ್‌ವರ್ಕ್‌ನಲ್ಲಿ ಯಾರು ಉತ್ತರ ಕೊಟ್ಟರೋ ಅವರ ಕೀಯನ್ನೇ ತಂದುಕೊಡುತ್ತದೆ. ಕನ್ಸೋಲ್‌ನಲ್ಲಿ ಕಂಡ ಫಿಂಗರ್‌ಪ್ರಿಂಟ್ ಜೊತೆ ತಾಳೆ ನೋಡಲೇಬೇಕು.

40 ಸರ್ವರ್ ಎಂದರೆ ನಾನಾದರೆ ಹೋಸ್ಟ್ ಸರ್ಟಿಫಿಕೇಟ್ ಬಳಸುತ್ತೇನೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಆದ ಓಪನ್‌ಎಸ್‌ಎಸ್‌ಎಚ್‌ನಲ್ಲಿ 2010ರಿಂದಲೂ ಈ ಸೌಲಭ್ಯ ಇದೆ, ಆದರೂ ಬಳಸುವವರು ಕಡಿಮೆ ಅನ್ನುವುದು ನನಗೆ ಬೇಸರ. ಒಂದು ಸಹಿ ಹಾಕುವ ಕೀ ಇಟ್ಟುಕೊಂಡು ಎಲ್ಲ ಸರ್ವರ್‌ಗಳ ಹೋಸ್ಟ್ ಕೀಗೆ ಸಹಿ ಮಾಡಿ. ಬದಲಾವಣೆ ಕಳಿಸುವ ಯಂತ್ರದ ನೋನ್ ಹೋಸ್ಟ್ಸ್ ಫೈಲಿನಲ್ಲಿ ಆ ಕೀ ಬಗ್ಗೆ ಒಂದೇ ಸಾಲು ಇದ್ದರೆ ಸಾಕು. ನಡುವೆ ಪ್ರಶ್ನೆಯೂ ಬರುವುದಿಲ್ಲ, ಪರಿಶೀಲನೆಯೂ ತಪ್ಪುವುದಿಲ್ಲ. ಸಹಿ ಹಾಕುವ ಕೀ ಮಾತ್ರ ದಿನಬಳಕೆಯ ಯಂತ್ರದಲ್ಲಿ ಇರಬಾರದು.

ಇನ್ನು ಲ್ಯಾಪ್‌ಟಾಪ್. 40 ಸರ್ವರ್‌ಗಳ ರೂಟ್ (ಏನನ್ನು ಬೇಕಾದರೂ ಬದಲಿಸಬಲ್ಲ) ಅಧಿಕಾರವನ್ನು ನೀವು ಮೇಲ್ ಓದುವ ಯಂತ್ರದಲ್ಲಿ ಇಡಬೇಡಿ. ಬದಲಾವಣೆಗಳು ಗಿಟ್‌ಗೆ ಹೋಗಲಿ, ಇನ್ನೊಬ್ಬರು ಓದಿ ಒಪ್ಪಲಿ, ಅದಕ್ಕೆಂದೇ ಮೀಸಲಿಟ್ಟ ಒಂದು ಯಂತ್ರದಿಂದ ಹೊರಡಲಿ. ಆ ಕೆಲಸಕ್ಕೆ ಬೇರೆಯೇ ಕೀ ಇರಲಿ. ಯಾವ ಕೀಗೆ ಪ್ರವೇಶವಿದೆ ಎಂದು ಸರ್ವರ್ ನೋಡುವ ಆಥರೈಸ್ಡ್ ಕೀಸ್ ಫೈಲಿನಲ್ಲಿ ಅದರ ಮುಂದೆ 'ಫ್ರಮ್' ಎಂದು ಆ ಯಂತ್ರದ ವಿಳಾಸ ಬರೆದರೆ, ಕೀ ಕಳುವಾದರೂ ಬೇರೆ ಕಡೆಯಿಂದ ನಡೆಯದು.

ಆ ಯಂತ್ರವನ್ನು ಇಂಟರ್‌ನೆಟ್‌ಗೆ ತೆರೆದಿಡಲೇಬೇಡಿ. 2020ರಲ್ಲಿ ಸಾಲ್ಟ್ ಎಂಬ ಕಾನ್ಫಿಗರೇಶನ್ ಸಾಫ್ಟ್‌ವೇರ್‌ನಲ್ಲಿ ದೊಡ್ಡ ದೋಷ ಸಿಕ್ಕಿತು. ಮಾಸ್ಟರ್‌ನ (ಉಳಿದ ಸರ್ವರ್‌ಗಳಿಗೆ ಆಜ್ಞೆ ಕಳಿಸುವ ಯಂತ್ರದ) 4506 ಪೋರ್ಟ್ ತಲುಪಬಲ್ಲ ಯಾರು ಬೇಕಾದರೂ, ಲಾಗಿನ್ ಇಲ್ಲದೆಯೇ, ಅದರ ಕೆಳಗಿನ ಎಲ್ಲ ಸರ್ವರ್‌ಗಳಲ್ಲಿ ರೂಟ್ ಆಗಿ ಆಜ್ಞೆ ಓಡಿಸಬಹುದಿತ್ತು. ದೋಷ ಸರಿಪಡಿಸಿದ ಆವೃತ್ತಿ ಬಂದ ಕೆಲವೇ ದಿನಗಳಲ್ಲಿ ಫೋನ್ ಸಾಫ್ಟ್‌ವೇರ್ ಲಿನೇಜ್‌ಓಎಸ್ ಮತ್ತು ಬ್ಲಾಗ್ ವೇದಿಕೆ ಘೋಸ್ಟ್‌ನ ಸರ್ವರ್‌ಗಳಿಗೆ ದಾಳಿಕೋರರು ನುಗ್ಗಿದರು.

ಪ್ರಶ್ನೆ: ದೂರದಿಂದ ಫೈರ್‌ವಾಲ್ (ಯಾವ ಸಂಪರ್ಕ ಒಳಬಿಡಬೇಕು ಎಂದು ಕಾಯುವ ತಡೆ) ನಿಯಮ ಬದಲಿಸುವಾಗ ಪ್ರತಿ ಸಲ ಕೈ ನಡುಗುತ್ತದೆ. ನಾನೇ ಹೊರಗೆ ಉಳಿದುಬಿಟ್ಟರೆ ಏನು ಗತಿ?

ಉತ್ತರ: ಆ ಭಯ ಒಳ್ಳೆಯದೇ, ಬಿಡಬೇಡಿ. ನೀವು ಏನೂ ಮಾಡದಿದ್ದರೆ ಹಳೆಯ ಸ್ಥಿತಿ ತಾನಾಗಿ ವಾಪಸ್ ಬರುವಂತೆ ಮೊದಲೇ ಏರ್ಪಾಡು ಮಾಡಿ. ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವಾಗ ಉಬುಂಟುವಿನ 'ನೆಟ್‌ಪ್ಲಾನ್ ಟ್ರೈ' 120 ಸೆಕೆಂಡ್ ಕಾಯುತ್ತದೆ. ನೀವು ಒಪ್ಪಿಗೆ ಒತ್ತದಿದ್ದರೆ ಹಿಂದಕ್ಕೆ ಹೋಗುತ್ತದೆ. ಜುನಿಪರ್ ರೌಟರ್‌ಗಳಲ್ಲಿ 'ಕಮಿಟ್ ಕನ್ಫರ್ಮ್ಡ್' ಕೊಟ್ಟರೆ 10 ನಿಮಿಷ. ಫೈರ್‌ವಾಲ್‌ಗೆ ಅಂಥದ್ದು ಇಲ್ಲದಿದ್ದರೆ, ಐದು ನಿಮಿಷಕ್ಕೆ ಹಳೆಯ ನಿಯಮಗಳನ್ನು ತುಂಬುವ ಒಂದು 'ಆಟ್' ಜಾಬ್ (ಹೇಳಿದ ಹೊತ್ತಿಗೆ ತಾನಾಗಿ ಓಡುವ ಆಜ್ಞೆ) ಹಾಕಿ, ಆಮೇಲೆ ಬದಲಾವಣೆ ಮಾಡಿ. ಒಳಗೆ ಬರಲು ಆಗುತ್ತಿದೆ ಎಂದು ಖಾತ್ರಿಯಾದ ಮೇಲೆ ಜಾಬ್ ತೆಗೆದುಹಾಕಿ.

ಎಸ್‌ಎಸ್‌ಎಚ್ ಸೆಟ್ಟಿಂಗನ್ನೇ ಮುಟ್ಟುವುದಾದರೆ 'ಎಸ್‌ಎಸ್‌ಎಚ್‌ಡಿ -ಟಿ' ಓಡಿಸಿ ಫೈಲಿನಲ್ಲಿ ತಪ್ಪಿಲ್ಲ ಎಂದು ನೋಡಿ, ನಂತರ ರೀಲೋಡ್ ಮಾಡಿ. ಈಗಿರುವ ಕಿಟಕಿ ಮುಚ್ಚದೆ ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ. ಮೊದಲು ಒಂದೇ ಸರ್ವರ್, ಆಮೇಲೆ ನಾಲ್ಕಾರು, ಕೊನೆಗೆ ಎಲ್ಲವೂ. ಆನ್ಸಿಬಲ್ (ಹಲವು ಸರ್ವರ್‌ಗಳ ಸೆಟ್ಟಿಂಗ್ ಬದಲಿಸುವ ಸಾಫ್ಟ್‌ವೇರ್) ಬಳಸುತ್ತಿದ್ದರೆ 'ಚೆಕ್' ಮತ್ತು 'ಡಿಫ್' ಎರಡನ್ನೂ ಕೊಟ್ಟು ಏನು ಬದಲಾಗುತ್ತದೆ ಎಂದು ಮುಂಚೆಯೇ ಓದಿ.

ಇಷ್ಟಾದರೂ ಒಳಗೆ ಹೋಗಲು ಬೇರೆಯೇ ದಾರಿ ಒಂದು ಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಬೆನ್ನೆಲುಬು ನೆಟ್‌ವರ್ಕ್‌ನ ಸಾಮರ್ಥ್ಯ ನೋಡಲು ಕೊಟ್ಟ ಒಂದು ಆಜ್ಞೆ ಅದರ ಎಲ್ಲ ಕೊಂಡಿಗಳನ್ನೂ ಬೀಳಿಸಿತು. ಅಂಥ ಆಜ್ಞೆಯನ್ನು ತಡೆಯಬೇಕಿದ್ದ ತಪಾಸಣೆ ಸಾಫ್ಟ್‌ವೇರ್‌ನಲ್ಲೇ ದೋಷವಿತ್ತು. ರಿಪೇರಿಗೆ ಬೇಕಾದ ಸಾಧನಗಳೂ ಅದೇ ನೆಟ್‌ವರ್ಕ್ ಮೇಲೆ ನಿಂತಿದ್ದವು. ಕೊನೆಗೆ ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೇ ಹೋಗಬೇಕಾಯಿತು. ಅಷ್ಟು ದೊಡ್ಡವರಿಗೇ ಹಾಗಾದರೆ ನಮ್ಮದೇನು? ನಿಮ್ಮ ಸರ್ವರ್‌ಗಳ ಕನ್ಸೋಲ್ ಲಾಗಿನ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಆರಾಮಾಗಿ ಇರುವ ದಿನವೇ ನೋಡಿ ಇಟ್ಟುಕೊಳ್ಳಿ.

ಪ್ರಶ್ನೆ: ಕಾನ್ಫಿಗ್ ಫೈಲ್ ಜೊತೆ ಡೇಟಾಬೇಸ್ ಪಾಸ್‌ವರ್ಡ್ ಕೂಡ ಗಿಟ್‌ಗೆ ಹೋಗಿಬಿಟ್ಟಿದೆ. ಮರುದಿನವೇ ಅಳಿಸಿ ಹೊಸ ಕಮಿಟ್ (ಗಿಟ್‌ನಲ್ಲಿ ಬದಲಾವಣೆಯ ದಾಖಲೆ) ಮಾಡಿದ್ದೇನೆ. ಸಾಕಾ?

ಉತ್ತರ: ಇಲ್ಲ. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇದೆ, ಕ್ಲೋನ್ (ಪೂರ್ತಿ ನಕಲು) ಮಾಡಿಕೊಂಡವರೆಲ್ಲರ ಬಳಿಯೂ ಇದೆ. ಹಳೆಯ ಕಮಿಟ್ ತಿದ್ದುವ ತಲೆನೋವು ಆಮೇಲೆ. ಮೊದಲು ಪಾಸ್‌ವರ್ಡ್ ಬದಲಿಸಿ. ಹೊಸದನ್ನು ಆನ್ಸಿಬಲ್ ವಾಲ್ಟ್‌ನಂಥದ್ದರಲ್ಲಿ ಎನ್‌ಕ್ರಿಪ್ಟ್ ಮಾಡಿ ಇಡಿ. ಪಾಸ್‌ವರ್ಡ್ ಮುಟ್ಟುವ ಟಾಸ್ಕ್‌ಗೆ 'ನೋ ಲಾಗ್' ಹಾಕುವುದನ್ನು ಮರೆಯಬೇಡಿ, ಇಲ್ಲವಾದರೆ ಅದು ಲಾಗ್‌ನಲ್ಲಿ ಕಾಣಿಸಿಕೊಳ್ಳಬಹುದು.