ಸಮುದ್ರದ ಬ್ಯಾಕ್ಟೀರಿಯಾ ಪಾಚಿಯ ಜೊತೆ ಮಾತಾಡುತ್ತದೆಯಾ? ಮಲ್ಪೆಯ ನೀಲಿ ಬೆಳಕು ಅದೇನಾ?

ನೀವು ಎರಡು ವಿಷಯ ಒಟ್ಟಿಗೆ ಕೇಳಿದ್ದೀರಿ. ಪಾಚಿಯ ಮೇಲೆ ಬದುಕುವ ಬ್ಯಾಕ್ಟೀರಿಯಾಗಳು ರಾಸಾಯನಿಕಗಳ ಮೂಲಕ ಮಾತಾಡುತ್ತವೆ ಅನ್ನೋದು ನಿಜವಾ ಅಂತ ಒಂದು. ಮಲ್ಪೆ, ಪಡುಕೆರೆ ಕಡೆ ಕೆಲವು ರಾತ್ರಿ ಅಲೆ ಒಡೆದಾಗ ಕಾಣುವ ನೀಲಿ ಬೆಳಕು ಅದರಿಂದಲೇ ಬರುವುದಾ ಅಂತ ಇನ್ನೊಂದು. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ. ನಾನು ಮಂಗಳೂರಿನಲ್ಲಿ ಮೈಕ್ರೋಬಯಾಲಜಿ ಓದಿದವನು, ಆಮೇಲೆ ಕುಂದಾಪುರದ ಕಡೆ ಸೀಗಡಿ ಕೆರೆಗಳ ನೀರು ಪರೀಕ್ಷೆ ಮಾಡುತ್ತಿದ್ದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನೀಲಿ ಬೆಳಕನ್ನು ಮೊದಲು ಮುಗಿಸಿಬಿಡೋಣ. 2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು ತೀರದಲ್ಲಿ ಜನ ಮೊಬೈಲ್ ಹಿಡಿದು ಓಡಿದ್ದು ನಾಕ್ಟಿಲೂಕಾ ಎಂಬ ಜೀವಿಯನ್ನು ನೋಡೋಕೆ. ಅದು ಬ್ಯಾಕ್ಟೀರಿಯಾ ಅಲ್ಲ. ಡೈನೋಫ್ಲಾಜೆಲೇಟ್ ಗುಂಪಿನ ಒಂದೇ ಕೋಶದ ಜೀವಿ, ಗಾಜಿನ ಲೋಟದಲ್ಲಿ ನೀರು ಹಿಡಿದು ನೋಡಿದರೆ ಬರಿಗಣ್ಣಿಗೇ ಚುಕ್ಕಿಯಾಗಿ ಕಾಣುವಷ್ಟು ದೊಡ್ಡದು. ನೀರು ಅಲುಗಿದರೆ ಪ್ರತಿ ಕೋಶವೂ ತನ್ನ ಪಾಡಿಗೆ ಮಿಂಚಿ ಆರಿಹೋಗುತ್ತದೆ. ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ಅದಕ್ಕೆ ಬೇಕಿಲ್ಲ.

ಬ್ಯಾಕ್ಟೀರಿಯಾದ ಬೆಳಕು ಬೇರೆ ಥರ. ಅಲುಗಾಡಿಸದಿದ್ದರೂ ಸುಮ್ನೆ ಒಂದೇ ಸಮ ಬೆಳಗುತ್ತದೆ, ಆದರೆ ಸುತ್ತ ಸಾಕಷ್ಟು ಜೊತೆಗಾರರು ಇದ್ದರೆ ಮಾತ್ರ. 1970ರಲ್ಲಿ ನೀಲ್ಸನ್, ಹೇಸ್ಟಿಂಗ್ಸ್ ಮತ್ತು ಜೊತೆಯವರು ವಿಬ್ರಿಯೋ ಫಿಷೆರಿ ಎಂಬ ಬ್ಯಾಕ್ಟೀರಿಯಾದಲ್ಲಿ ಇದನ್ನು ತೋರಿಸಿದರು. ಪ್ರತಿ ಕೋಶವೂ ಒಂದು ಸಣ್ಣ ಅಣುವನ್ನು ಹೊರಗೆ ಬಿಡುತ್ತಾ ಇರುತ್ತದೆ. ಒಂದೆರಡೇ ಕೋಶ ಇದ್ದರೆ ಅದು ನೀರಲ್ಲಿ ಕರಗಿ ಹೋಯಿತು, ಅಷ್ಟೇ. ಸಂಖ್ಯೆ ಜಾಸ್ತಿ ಆದಾಗ ಅಣು ಸುತ್ತ ತುಂಬಿಕೊಳ್ಳುತ್ತದೆ, ವಾಪಸ್ ಕೋಶದೊಳಗೆ ಬಂದು ಬೆಳಕಿನ ಜೀನ್‌ಗಳನ್ನು ಎಬ್ಬಿಸುತ್ತದೆ. ಆ ಅಣು ಯಾವುದು ಅಂತ 1981ರಲ್ಲಿ ಗೊತ್ತಾಯಿತು, ಈ ಗುಂಪಿನ ಅಣುಗಳಿಗೆ ಎಎಚ್‌ಎಲ್ ಅನ್ನುತ್ತಾರೆ. ಈ ಇಡೀ ವ್ಯವಹಾರಕ್ಕೆ ಕೋರಂ ಸೆನ್ಸಿಂಗ್ ಅನ್ನೋ ಹೆಸರು ಬಂದಿದ್ದು 1994ರಲ್ಲಿ.

ಈಗ ಪಾಚಿ ಯಾಕೆ ಬೇಕು ಅನ್ನೋದಕ್ಕೆ ಬರೋಣ. ಸಮುದ್ರದ ನೀರು ಸ್ವಲ್ಪ ಕ್ಷಾರೀಯ, ಪಿಎಚ್ ಸುಮಾರು 8. ಎಎಚ್‌ಎಲ್‌ನಲ್ಲಿ ಒಂದು ಉಂಗುರ ಇದೆ, ಇಂಥ ನೀರಲ್ಲಿ ಅದು ತಾನಾಗಿಯೇ ಬಿಚ್ಚಿಕೊಂಡು ಅಣು ಕೆಲಸಕ್ಕೆ ಬಾರದ ಹಾಗೆ ಆಗುತ್ತದೆ. ಅಂದರೆ ತೆರೆದ ಕಡಲಲ್ಲಿ ಒಂದೊಂದೇ ತೇಲುವ ಬ್ಯಾಕ್ಟೀರಿಯಾ ಎಷ್ಟು ಅಣು ಬಿಟ್ಟರೂ ವ್ಯರ್ಥ. ಗುಂಪಾಗಿ ಅಂಟಿಕೊಳ್ಳಲು ಒಂದು ಜಾಗ ಬೇಕು, ಊಟವೂ ಅಲ್ಲೇ ಸಿಗಬೇಕು. ಆ ಜಾಗ ಪಾಚಿ. ಪಾಚಿಯ ಸುತ್ತ ಅದರಿಂದ ಸೋರಿದ ಸಕ್ಕರೆ, ಗಂಧಕದ ಸಂಯುಕ್ತಗಳು ತುಂಬಿರುವ ತೆಳ್ಳಗಿನ ನೀರಿನ ಪದರ ಇರುತ್ತದೆ, ಬ್ಯಾಕ್ಟೀರಿಯಾಗಳು ಆ ಜಾಡು ಹಿಡಿದೇ ಈಜಿಕೊಂಡು ಬರುತ್ತವೆ.

ನಮ್ಮದೇ ಅರಬ್ಬಿ ಸಮುದ್ರದಲ್ಲಿ ಇದಕ್ಕೊಂದು ಭರ್ಜರಿ ಉದಾಹರಣೆ ಇದೆ. ಹಳೇ ನಾವಿಕರು ಹಾಲಿನಂತೆ ಬೆಳಗುವ ಕಡಲಿನ ಬಗ್ಗೆ ಹೇಳುತ್ತಿದ್ದರು, ಕೇಳಿದವರು ಕಟ್ಟುಕಥೆ ಅಂದುಕೊಳ್ಳುತ್ತಿದ್ದರು. 1985ರಲ್ಲಿ ಸಂಶೋಧನಾ ಹಡಗೊಂದು ಅಂಥ ನೀರಿನ ನಡುವೆಯೇ ಸಿಕ್ಕಿಕೊಂಡಿತು. ಮಾದರಿ ತೆಗೆದು ನೋಡಿದರೆ ಬೆಳಗುವ ವಿಬ್ರಿಯೋ ಹಾರ್ವೆಯಿ ಬ್ಯಾಕ್ಟೀರಿಯಾ, ಅದೂ ಫಿಯೋಸಿಸ್ಟಿಸ್ ಎಂಬ ಪಾಚಿಯ ಜೊತೆಯಲ್ಲಿ. ಹತ್ತು ವರ್ಷ ಬಿಟ್ಟು, 1995ರಲ್ಲಿ ಸೊಮಾಲಿಯಾ ತೀರದಾಚೆ ಸುಮಾರು 15,400 ಚದರ ಕಿಲೋಮೀಟರ್ ಕಡಲು ಮೂರು ರಾತ್ರಿ ಬೆಳಗಿದ್ದು ಉಪಗ್ರಹ ಚಿತ್ರದಲ್ಲೇ ದಾಖಲಾಗಿದೆ. ನಮ್ಮ ಇಡೀ ಉಡುಪಿ ಜಿಲ್ಲೆ 4,000 ಚದರ ಕಿಲೋಮೀಟರ್ ಕೂಡ ಇಲ್ಲ, ಲೆಕ್ಕ ಹಾಕಿ!

ಇಷ್ಟಾದರೂ ಪಾಚಿಯನ್ನು ಬರೀ ಅಂಗಳ ಅಂದುಕೊಳ್ಳಬೇಡಿ. ಹೆಚ್ಚಿನವರು ಎಡವುವುದು ಅಲ್ಲೇ. ಅದು ಕೇಳಿಸಿಕೊಳ್ಳುತ್ತದೆ, ಬೇಕಾದರೆ ಮಾತು ಕೆಡಿಸುತ್ತದೆ ಕೂಡ. ಸೋಮೇಶ್ವರದ ಬಂಡೆಗಳ ಮೇಲೆ ಮಳೆಗಾಲದ ನಂತರ ತೆಳ್ಳಗೆ, ಲೆಟ್ಯೂಸ್ ಎಲೆ ಥರ ಹಸಿರು ಪಾಚಿ ನೋಡಿರುತ್ತೀರಿ, ಅದು ಉಲ್ವಾ. ಅದರ ಈಜುವ ಬೀಜಕಣಗಳು ಎಲ್ಲಿ ನೆಲೆಯೂರಬೇಕು ಅಂತ ನೋಡುವಾಗ ಬಂಡೆ ಮೇಲಿನ ಬ್ಯಾಕ್ಟೀರಿಯಾಗಳ ಎಎಚ್‌ಎಲ್ ಅನ್ನು ಗುರುತಿಸುತ್ತವೆ ಅಂತ 2002ರಲ್ಲಿ ಗೊತ್ತಾಯಿತು. ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು ಸಂಗತಿ. ಬ್ಯಾಕ್ಟೀರಿಯಾಗಳನ್ನೆಲ್ಲ ತೆಗೆದು ಬೆಳೆಸಿದರೆ ಉಲ್ವಾಕ್ಕೆ ಎಲೆಯ ಆಕಾರವೇ ಬರುವುದಿಲ್ಲ, ಕೋಶಗಳ ಮುದ್ದೆಯಾಗಿ ಉಳಿಯುತ್ತದೆ. ಆಕಾರಕ್ಕೆ ಬೇಕಾದ ವಸ್ತುಗಳಲ್ಲಿ ಒಂದು ಥ್ಯಾಲುಸಿನ್. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. 2005ರಲ್ಲಿ ಇದು ಪತ್ತೆಯಾಯಿತು. ಅದೇ ವರ್ಷ ಇನ್ನೊಂದು ತಂಡ, ಎಷ್ಟೋ ಪಾಚಿಗಳು ಬಿ12 ವಿಟಮಿನ್ನಿಗೂ ಬ್ಯಾಕ್ಟೀರಿಯಾವನ್ನೇ ನಂಬಿವೆ ಅಂತ ತೋರಿಸಿತು.

ಹಾಗಂತ ಇದನ್ನು ಗೆಳೆತನ ಅನ್ನೋಕೆ ನನಗೆ ಮನಸ್ಸಿಲ್ಲ. ಎಮಿಲಿಯಾನಿಯಾ ಹಕ್ಸ್‌ಲಿಯಿ ಎಂಬ ಸೂಕ್ಷ್ಮ ಪಾಚಿ, ಫಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಇವರಿಬ್ಬರ ಕಥೆ ನೋಡಿ. ಪಾಚಿ ಚೆನ್ನಾಗಿರುವಾಗ ಊಟ ಕೊಡುತ್ತದೆ. ಬ್ಯಾಕ್ಟೀರಿಯಾ ಅದಕ್ಕೆ ಬೆಳವಣಿಗೆಯ ಹಾರ್ಮೋನು ಕೊಡುತ್ತದೆ, ಬೇರೆ ಬ್ಯಾಕ್ಟೀರಿಯಾ ಹತ್ತಿರ ಬರದಂತೆ ಆಂಟಿಬಯೋಟಿಕ್ ಬಿಡುತ್ತದೆ. ಪಾಚಿಗೆ ವಯಸ್ಸಾದಾಗ ಪಿ-ಕೌಮರಿಕ್ ಆಮ್ಲ ಸೋರಲು ಶುರುವಾಗುತ್ತದೆ. ಅದರ ಸುಳಿವು ಸಿಕ್ಕಿದ ಕೂಡಲೇ ಫಿಯೋಬ್ಯಾಕ್ಟರ್ ರೋಸಿಯೋಬ್ಯಾಕ್ಟಿಸೈಡ್ ಎಂಬ ವಿಷ ಮಾಡಿ ಅದೇ ಪಾಚಿಯನ್ನು ಕೊಲ್ಲುತ್ತದೆ. ಅಷ್ಟು ವರ್ಷ ಗೊಬ್ಬರ ಹಾಕಿ ತೋಟ ಕಾಯ್ದ ಒಕ್ಕಲು, ಮರ ಮುದಿಯಾಯಿತು ಅಂತ ಗೊತ್ತಾದ ದಿನವೇ ಕಡಿದು ಸೌದೆ ಮಾಡಿಕೊಂಡ ಹಾಗೆ. ಹಾರ್ವರ್ಡ್‌ನ ತಂಡ 2011ರಲ್ಲಿ ಇದನ್ನು ಪ್ರಕಟಿಸಿತು.

ಪಾಚಿಯೂ ಸಾಮಾನ್ಯದ್ದಲ್ಲ. ಆಸ್ಟ್ರೇಲಿಯಾದ ಡೆಲಿಸಿಯಾ ಪಲ್ಕ್ರಾ ಎಂಬ ಕೆಂಪು ಪಾಚಿ ತನ್ನ ಮೈಮೇಲೆ ಫ್ಯೂರನೋನ್ ಎಂಬ ವಸ್ತು ಇಟ್ಟುಕೊಂಡಿರುತ್ತದೆ. ನೋಡಲು ಹೆಚ್ಚುಕಡಿಮೆ ಎಎಚ್‌ಎಲ್ ಥರವೇ. ಬ್ಯಾಕ್ಟೀರಿಯಾವನ್ನು ಕೊಲ್ಲಬೇಕಾಗಿಯೇ ಇಲ್ಲ, ಅದರ ಸಂದೇಶ ಕೆಲಸ ಮಾಡದಂತೆ ಮಾಡಿದರೆ ಸಾಕು, ಮೈಮೇಲೆ ಗುಂಪು ಕಟ್ಟೋದು ಕಮ್ಮಿಯಾಗುತ್ತದೆ.

ಇದರಿಂದ ಏನು ಉಪಯೋಗ ಅಂತ ಈಗ ಅನ್ನಿಸಿರಬಹುದು, ಅಲ್ವಾ? ನಮ್ಮೂರಿಗೆ ಸಂಬಂಧ ಇರೋದು ಸೀಗಡಿ. ಮೇಲೆ ಹೇಳಿದ ವಿಬ್ರಿಯೋ ಹಾರ್ವೆಯಿ ಸೀಗಡಿ ಮರಿಗಳಿಗೆ ಯಮ. ರೋಗ ಬಂದ ಮರಿಗಳು ಕತ್ತಲಲ್ಲಿ ಬೆಳಗುತ್ತವೆ, ನೋಡೋಕೆ ಚಂದ, ಸಾಕಿದವನ ಹೊಟ್ಟೆಗೆ ಬೆಂಕಿ. ಮರಿಗಳ ಸಾಮೂಹಿಕ ಸಾವಿಗೆ ಆಂಟಿಬಯೋಟಿಕ್‌ಗೂ ಬಗ್ಗದ ಹಾರ್ವೆಯಿ ಕಾರಣ ಅಂತ 1994ರಲ್ಲೇ ಬರೆದದ್ದು ನಮ್ಮ ಮಂಗಳೂರು ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಅವರ ತಂಡ. ಔಷಧಿ ಸುರಿದಷ್ಟೂ ಅದು ಗಟ್ಟಿಯಾಗುತ್ತದೆ ಅಂತಾದರೆ ಅದರ ಮಾತು ಕೆಡಿಸೋದು ಒಳ್ಳೇ ದಾರಿ ಅಂತ ಯೋಚಿಸಿದವರು ಬಹಳ. ಟ್ರೌಟ್ ಎಂಬ ಸಾಕುಮೀನಿನ ವಿಬ್ರಿಯೋ ರೋಗಕ್ಕೆ ಫ್ಯೂರನೋನ್ ಹಾಕಿ ನೋಡಿದರು, ಆದರೆ ಅದು ಆ ಮೀನಿಗೇ ವಿಷವಾಯಿತು. ಜೀವಂತ ಪಾಚಿಯನ್ನೇ ತೊಟ್ಟಿಯಲ್ಲಿ ಬೆಳೆಸುವ ಹಸಿರು ನೀರಿನ ಪದ್ಧತಿ ಸೀಗಡಿ ಸಾಕಣೆಯಲ್ಲಿ ಮೊದಲಿಂದಲೂ ಇದೆ, ಕೆಲವು ಸೂಕ್ಷ್ಮ ಪಾಚಿಗಳು ಕೋರಂ ಸೆನ್ಸಿಂಗ್‌ಗೆ ಅಡ್ಡಿ ಮಾಡುತ್ತವೆ ಅಂತ ಪ್ರಯೋಗಾಲಯದಲ್ಲೂ ಕಂಡಿದೆ. ನನ್ನನ್ನು ಕೇಳಿದರೆ ನಮ್ಮ ಕಡೆಯ ಹ್ಯಾಚರಿಯವರು ಹೊಸ ಔಷಧಿಗಿಂತ ಮೊದಲು ತೊಟ್ಟಿಯಲ್ಲಿ ಯಾವ ಪಾಚಿ ಇದೆ ಅಂತ ನೋಡಬೇಕು.