ಆಟೋ ಹಿಂದೆ ಬರೆಯಲಾಗದ ಪಾಠ

ದಾವಣಗೆರೆಯ ಓದುಗರೊಬ್ಬರ ಪತ್ರ: “ರಜೆಯಲ್ಲಿ ಮೊಮ್ಮಕ್ಕಳ ಜೊತೆ ಕೂತು ಐದಾರು ಅನಿಮೇಷನ್ ಸಿನಿಮಾ ನೋಡಿದೆ. ಅವುಗಳಿಂದ ದೊಡ್ಡವರೂ ಕಲಿಯುವುದಿದೆ ಎಂದು ನಿಮ್ಮ ಪತ್ರಿಕೆ ಮೇಲಿಂದ ಮೇಲೆ ಬರೆಯುತ್ತದೆ. ನನಗೆ ಸಿಕ್ಕಿದ್ದು ‘ಕನಸು ಬಿಡಬೇಡ’, ‘ನಿನ್ನನ್ನು ನೀನು ನಂಬು’, ಇಷ್ಟೇ. ಇದನ್ನು ನಮ್ಮೂರ ಆಟೋಗಳ ಹಿಂದೆ ಪುಕ್ಕಟೆಯಾಗಿ ಓದಬಹುದು. ಎರಡು ಗಂಟೆ ಯಾಕೆ ಕೂರಬೇಕು?”

ಸಂಪಾದಕರ ಉತ್ತರ:

ಆಟೋ ಹೋಲಿಕೆಗೆ ಪೂರ್ಣ ಅಂಕ. ಕೊನೆಯ ಹತ್ತು ನಿಮಿಷದಲ್ಲಿ ಯಾವುದಾದರೂ ಪ್ರಾಣಿ ಬಂಡೆ ಹತ್ತಿ ಭಾಷಣ ಶುರುಮಾಡಿತೆಂದರೆ ನೀವು ಎದ್ದುಹೋಗಿ ಕಾಫಿಗೆ ನೀರಿಡಬಹುದು, ನಮ್ಮದೇನೂ ತಕರಾರಿಲ್ಲ. ಆದರೆ ಸ್ವಾಮಿ, ನೀವು ಪಾಠವನ್ನು ಹುಡುಕಿದ್ದು ಪಾತ್ರಗಳ ಬಾಯಲ್ಲಿ. ಅದು ಇರುವುದು ಅವುಗಳ ಕೈಯಲ್ಲಿ.

ಕ್ಯಾಮೆರಾದಲ್ಲಿ ತೆಗೆದ ಸಿನಿಮಾದ ಮೂಲೆಯಲ್ಲಿ ಒಂದು ಲೋಟ ಕಂಡರೆ, ಯಾರೋ ಟೀ ಕುಡಿದು ಮರೆತಿಟ್ಟದ್ದಿರಬಹುದು. ಅನಿಮೇಷನ್‌ನಲ್ಲಿ ಹಾಗೆ ಮರೆತಿಡಲು ಬರುವುದಿಲ್ಲ. ಸೆಕೆಂಡಿಗೆ 24 ಫ್ರೇಮು. ಯಾರಾದರೂ ಕೂತು ಮಾಡದೆ ಒಂದರಲ್ಲೂ ಲೋಟ ಮೂಡುವುದಿಲ್ಲ. ಅದಕ್ಕೇ ಅಲ್ಲಿನ ಸಾಮಾನುಗಳನ್ನು ಗಮನಿಸಿ ನೋಡಬೇಕು.

2009ರ ‘ಅಪ್’ ತೆಗೆದುಕೊಳ್ಳಿ. ಆರಂಭದಲ್ಲೇ ನಾಲ್ಕು ನಿಮಿಷದ ಆಸುಪಾಸು ಒಂದು ಮಾತೂ ಇಲ್ಲದೆ ಇಡೀ ದಾಂಪತ್ಯ ಮುಗಿಯುತ್ತದೆ. ಕಾರ್ಲ್ ಮತ್ತು ಅವನ ಹೆಂಡತಿ ಎಲೀ ದಕ್ಷಿಣ ಅಮೆರಿಕದ ಜಲಪಾತಕ್ಕೆ ಹೋಗಲೆಂದು ಗಾಜಿನ ಜಾಡಿಗೆ ಚಿಲ್ಲರೆ ಹಾಕುತ್ತಾರೆ. ಕಾರಿನ ಟೈರು ಹೋಗುತ್ತದೆ, ಜಾಡಿ ಒಡೆಯುತ್ತಾರೆ. ಕಾಲು ಮುರಿಯುತ್ತದೆ, ಮತ್ತೆ ಒಡೆಯುತ್ತಾರೆ. ಮಾಡಿನ ಮೇಲೆ ಮರ ಬೀಳುತ್ತದೆ, ಮತ್ತೆ. ಟಿಕೆಟ್ ಕೈಗೆ ಬರುವ ಹೊತ್ತಿಗೆ ಆಕೆಗೆ ಗುಡ್ಡ ಹತ್ತುವ ಶಕ್ತಿ ಉಳಿದಿರುವುದಿಲ್ಲ. ನೋಡಿದವರೆಲ್ಲ ಕಣ್ಣೊರೆಸಿಕೊಂಡು “ಕನಸು ಮುಂದೂಡಬಾರದು” ಅನ್ನುತ್ತಾರೆ. ಅವರು ಮುಂದೂಡಿದ್ದೆಲ್ಲಿ? ತಿಂಗಳು ತಿಂಗಳೂ ಹಾಕುತ್ತಲೇ ಇದ್ದರಲ್ಲ! ಎಡವಟ್ಟಾದದ್ದು, ಆಪತ್ತಿನ ದುಡ್ಡೂ ಆಸೆಯ ದುಡ್ಡೂ ಒಂದೇ ಜಾಡಿಯಲ್ಲಿ ಇದ್ದದ್ದರಿಂದ. ಹಾಗಿದ್ದರೆ ಪ್ರತಿ ಸಲವೂ ಟೈರೇ ಗೆಲ್ಲುತ್ತದೆ, ಏಕೆಂದರೆ ಅದು ಇವತ್ತೇ ಆಗಬೇಕು. ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಒಂದು, ಮೆಂತ್ಯದ ಡಬ್ಬಿಯಲ್ಲಿ ಒಂದು ಎಂದು ದುಡ್ಡು ಬೇರೆಬೇರೆ ಇಡುತ್ತಿದ್ದ ಹೆಂಗಸರಿಗೆ ಇದು ಗೊತ್ತಿತ್ತು.

ಕೊನೆಯ ಭಾಗದಲ್ಲಿ ಇನ್ನೊಂದಿದೆ. ಹೆಂಡತಿ ಸತ್ತ ಮೇಲೆ ಕಾರ್ಲ್ ಮನೆಗೇ ಬಲೂನು ಕಟ್ಟಿ ಆ ಜಲಪಾತಕ್ಕೆ ಹಾರಿಸಿಕೊಂಡು ಹೋಗಿರುತ್ತಾನೆ. ಬಲೂನುಗಳು ಕಡಿಮೆಯಾಗಿ ಮನೆ ಮೇಲೇಳದಾಗ, ಆತ ಪೀಠೋಪಕರಣಗಳನ್ನು ಹೊರಗೆಸೆದು ಹಗುರ ಮಾಡುತ್ತಾನೆ. ‘ಹಳೆಯದನ್ನು ಬಿಟ್ಟುಬಿಡು’ ಎಂದು ಇದನ್ನೂ ಆಟೋಗೆ ಅಂಟಿಸಬಹುದು. ಆದರೆ ಕ್ರಮ ನೋಡಿ. ಮೊದಲು ಕೂತು ಹೆಂಡತಿಯ ಪುಸ್ತಕವನ್ನು ಕೊನೆಯ ಪುಟದವರೆಗೆ ತಿರುವುತ್ತಾನೆ. ಖಾಲಿ ಎಂದುಕೊಂಡಿದ್ದ ಪುಟಗಳಲ್ಲಿ ಆಕೆ ಇಬ್ಬರ ಸಂಸಾರದ ಫೋಟೊಗಳನ್ನೇ ಅಂಟಿಸಿರುತ್ತಾಳೆ. ಎಸೆಯುವುದು ಅದಾದ ಮೇಲೆ. ಇಬ್ಬರ ಕುರ್ಚಿಗಳು ಮಾತ್ರ ಹೊರಗೆ ಅಕ್ಕಪಕ್ಕ ಉಳಿಯುತ್ತವೆ. ಸತ್ತವರ ಬೀರು ಖಾಲಿ ಮಾಡಲು ಹನ್ನೊಂದನೇ ದಿನಕ್ಕೇ ಅವಸರಪಡಿಸುವ ನೆಂಟರು ಈ ದೃಶ್ಯವನ್ನು ಎರಡು ಸಲ ನೋಡಬೇಕು.

2015ರ ‘ಇನ್‌ಸೈಡ್ ಔಟ್’ನಲ್ಲಂತೂ ಸಾವಿನ ಮನೆಗೆ ಹೋದಾಗ ಹೇಗಿರಬೇಕು ಎಂಬುದೇ ಇದೆ. ಹನ್ನೊಂದು ವರ್ಷದ ಹುಡುಗಿಯ ತಲೆಯೊಳಗಿನ ಕಥೆ, ಅವಳ ಭಾವನೆಗಳೇ ಅಲ್ಲಿ ಪಾತ್ರಗಳು. ಅದಕ್ಕಾಗಿ ಪಾಲ್ ಎಕ್‌ಮನ್, ಡ್ಯಾಕರ್ ಕೆಲ್ಟ್ನರ್ ಎಂಬ ಮನಶ್ಶಾಸ್ತ್ರಜ್ಞರ ಸಲಹೆ ಪಡೆದಿದ್ದರು. ಅವಳ ಬಾಲ್ಯದ ಕಾಲ್ಪನಿಕ ಗೆಳೆಯ ಬಿಂಗ್ ಬಾಂಗ್‌ನ ಆಟದ ಬಂಡಿಯನ್ನು ಕಸಕ್ಕೆ ತಳ್ಳುತ್ತಾರೆ. ಅವನು ಕುಸಿದು ಕೂರುತ್ತಾನೆ. ಸಂತೋಷ ಎಂಬ ಪಾತ್ರ ಕಚಗುಳಿ ಇಡುತ್ತದೆ, ಮುಖ ಸೊಟ್ಟ ಮಾಡುತ್ತದೆ, ‘ನಡಿ, ರೈಲಿಗೆ ಹೊತ್ತಾಯ್ತು’ ಎಂದು ಹೊರಡಿಸುತ್ತದೆ. ಏನೂ ನಡೆಯುವುದಿಲ್ಲ. ದುಃಖ ಬಂದು ಪಕ್ಕದಲ್ಲಿ ಕೂರುತ್ತದೆ. ನಿನಗೆ ಪ್ರೀತಿಯದ್ದನ್ನು ಕಿತ್ತುಕೊಂಡರು, ಅದು ಹೋಯಿತು ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ಆಮೇಲೆ ಅವನು ಮಾತಾಡಲು ಬಿಡುತ್ತದೆ. ಅವನು ಅತ್ತು, ಕಣ್ಣೊರೆಸಿಕೊಂಡು, ತಾನೇ ಎದ್ದು ಹೊರಡುತ್ತಾನೆ. ನಾವೋ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ “ಧೈರ್ಯ ತಗೊಳ್ಳಿ, ಎಲ್ಲಾ ದೇವರಿಚ್ಛೆ” ಅಂದಿರುತ್ತೇವೆ. ಅಲ್ಲಿಗೆ ಅಳುವವರ ಬಾಯಿ ಮುಚ್ಚಿತು.

ಜಪಾನಿನ ‘ಮೈ ನೈಬರ್ ಟೊಟೊರೊ’ದ (1988) ಅಪ್ಪನೂ ಇದೇ ಜಾತಿಯವನು. ನಾಲ್ಕು ವರ್ಷದ ಮಗಳು ಕಾಡಿನ ಪ್ರಾಣಿಯನ್ನು ಕಂಡೆ ಎಂದಾಗ ಅವಳು ಸುಳ್ಳಾಡುತ್ತಿಲ್ಲ ಎಂದು ನಂಬುತ್ತಾನೆ. ಮಕ್ಕಳನ್ನು ಕರೆದೊಯ್ದು ದೊಡ್ಡ ಕರ್ಪೂರದ ಮರಕ್ಕೆ ತಲೆಬಾಗಿ ನಮಸ್ಕರಿಸುತ್ತಾನೆ. ಅಷ್ಟೇ.

ಇವು ನಿಮ್ಮ ಕಣ್ಣಿಗೆ ಬೀಳದ್ದಕ್ಕೆ ನಿಮ್ಮೊಬ್ಬರನ್ನೇ ದೂರಲಾರೆವು. ‘ಈ ಕಥೆಯ ನೀತಿ ಏನು? ಎರಡು ಅಂಕ’ ಎಂದು ಕೇಳಿ ಕೇಳಿಯೇ ನಮ್ಮ ಶಾಲೆಗಳು ನಮ್ಮನ್ನು ಹೀಗೆ ಮಾಡಿಟ್ಟಿವೆ. ಗೋವಿನ ಹಾಡಿಗೆ ನೀತಿ ‘ಸತ್ಯ’ ಎಂದು ಬರೆದರೆ ಮುಗಿಯಿತು. ಆದರೆ ಪುಣ್ಯಕೋಟಿ ಉಳಿದ ಹಸುಗಳಿಗೆ ಹೇಳಿದ್ದೇನು? ‘ಪ್ರೀತಿಸಿ’ ಎಂದಲ್ಲ. ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು. ಸಾಯಲು ಹೊರಟ ತಾಯಿ ಒಂದೊಂದೇ ಅಪಾಯ ಎಣಿಸಿ ಬಂದೋಬಸ್ತು ಮಾಡುತ್ತಿದ್ದಾಳೆ. ಅದಕ್ಕೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಅಂಕವಿಲ್ಲ.

ಇನ್ನು ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ತರುವ ಡಬ್ಬಿಂಗ್. ಕಲಾವಿದರ ಅನ್ನದ ಪ್ರಶ್ನೆ ಇತ್ತು ನಿಜ. ಆದರೆ ದಶಕಗಟ್ಟಲೆ ನಡೆದ ಅಘೋಷಿತ ತಡೆಯಿಂದ, 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ಕಾಯುವ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪೆನ್ನುವವರೆಗೂ, ‘ಇಡೀ ಕುಟುಂಬದ ಚಿತ್ರ’ಗಳಿಂದ ಹೊರಗುಳಿದವಳು ಕನ್ನಡವಷ್ಟೇ ಬಲ್ಲ ಅಜ್ಜಿ. ನಿಮ್ಮ ಪತ್ರದಲ್ಲೂ ನೀವಿದ್ದೀರಿ, ಮೊಮ್ಮಕ್ಕಳಿದ್ದಾರೆ. ಮನೆಯಾಕೆಯ ಸುದ್ದಿಯೇ ಇಲ್ಲ. ‘ಅಪ್’ನ ಆ ನಾಲ್ಕು ನಿಮಿಷಕ್ಕೆ ಡಬ್ಬಿಂಗೂ ಬೇಡ. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ಹಾಕಿ. ಮುಗಿದ ಮೇಲೆ ಜಾಡಿ ಎಷ್ಟು ಸಲ ಒಡೆಯಿತು ಎಂದು ಮಾತ್ರ ಮಕ್ಕಳನ್ನು ಕೇಳಬೇಡಿ. ಅದೂ ಎರಡು ಅಂಕದ ಪ್ರಶ್ನೆಯಾದೀತು.